ಓದುವುದಕ್ಕೆಂದೇ ಬಂದವಳು

ಅಲ್ಫರೆಟಾ
ಮೇ 12, 2024

ಶೈಲಕ್ಕ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನೀನು ಮೂರು ಪ್ರಶ್ನೆ ಕೇಳಿ, ಅವಕ್ಕೆ ಉತ್ತರವನ್ನೂ ನೀನೇ ಕೊಟ್ಟಿರುತ್ತೀಯ. ಅದಕ್ಕೇ ಈ ಇಮೇಲ್. ಪೂರ್ತಿ ಓದಿ ಆಮೇಲೆ ಬೈಯಿ.

ನಮ್ಮ ರಚನಾಳ ಎಂಟನೆಯ ಕ್ಲಾಸು ಇನ್ನೇನು ಮುಗಿಯುತ್ತಿದೆ. ಮುಂದೆ ನಾಲ್ಕು ವರ್ಷ ಹೈಸ್ಕೂಲು. ಅವಳನ್ನು ನಿಮ್ಮ ಮನೆಯಲ್ಲಿಟ್ಟುಕೊಂಡು ಸೆಂಟರ್‌ವಿಲ್‌ನಲ್ಲೇ ಓದಿಸಲು ಆಗುತ್ತದೆಯೇ? ನಿಮ್ಮ ಫೇರ್‌ಫ್ಯಾಕ್ಸ್ ಕೌಂಟಿ ದೊಡ್ಡದು. ಬುದ್ಧಿವಂತ ಮಕ್ಕಳಿಗೆ ಬೇರೆ ಶಾಲೆ, ಭಾಷೆ ಕಲಿಯುವವರಿಗೆ ಬೇರೆ, ಕೈಕೆಲಸ ಕಲಿಯುವವರಿಗೆ ಇನ್ನೊಂದು ಎಂದು ನೀನೇ ಎಷ್ಟೋ ಸಲ ಹೇಳಿದ್ದೀಯ. ಶ್ರೇಯಸ್ ಕಾಲೇಜಿಗೆ ಹೋದ ಮೇಲೆ ಅವನ ಕೋಣೆ ಖಾಲಿ ಇದೆ. ಶಾಲೆಗಳ ವಿಷಯದಲ್ಲಿ ನಿನ್ನಷ್ಟು ತಿಳಿದವರು ನಮ್ಮ ವಂಶದಲ್ಲಿ ಬೇರೆ ಯಾರಿದ್ದಾರೆ?

ಅವಳಮ್ಮ ಇಂದುವಿಗೂ ಒಪ್ಪಿಗೆ ಇದೆ. ನಿಜ ಹೇಳಬೇಕೆಂದರೆ ಮೊದಲು ಹೇಳಿದವಳು ಅವಳೇ. ಭಾವನ ಹತ್ತಿರ ಮಾತಾಡಿ ತಿಳಿಸು. ಇಂದುವಿಗೆ ಫೋನ್ ಮಾಡಬೇಡ. ಈಚೆಗೆ ಅವಳಿಗೆ ಆಯಾಸ ಜಾಸ್ತಿ, ಮಧ್ಯಾಹ್ನ ಮಲಗಿರುತ್ತಾಳೆ.

ನಿನ್ನ ತಮ್ಮ,
ಸುರೇಶ


ಸೆಂಟರ್‌ವಿಲ್
ಮೇ 14, 2024

ಪ್ರೀತಿಯ ಸೂರಿ,

ಪೂರ್ತಿ ಓದಿದೆ. ಎರಡು ಸಲ ಓದಿದೆ. ಈಗ ಬೈಯುತ್ತೇನೆ.

ನೀನು ಹೆಸರು ಹೇಳದೆ ಸೂಚಿಸಿದ ಆ 'ಬುದ್ಧಿವಂತರ ಶಾಲೆ'ಗೆ ಅರ್ಜಿ ಹಾಕುವ ಕಾಲ ಕಳೆದ ಚಳಿಗಾಲಕ್ಕೇ ಮುಗಿಯಿತು. ಅದೂ ಇಲ್ಲಿ ವಾಸವಿದ್ದ ಮಕ್ಕಳಿಗೆ. ಇನ್ನು ಉಳಿದದ್ದು ನಮ್ಮ ಮನೆಯ ವಿಳಾಸಕ್ಕೆ ಬರುವ ಸಾಮಾನ್ಯ ಹೈಸ್ಕೂಲು. ಒಳ್ಳೆಯದೇ, ನನ್ನ ಮಗ ಓದಿದ್ದೂ ಅಲ್ಲೇ. ಆದರೆ ನಿಮ್ಮ ಜಾರ್ಜಿಯಾದಲ್ಲಿ ಅದಿಲ್ಲವೇ? ನಿಮ್ಮ ಮನೆಯಿಂದ ಹತ್ತು ನಿಮಿಷಕ್ಕೆ ವಿಜ್ಞಾನದ್ದೇ ಒಂದು ಹೈಸ್ಕೂಲಿದೆ, ಲಾಟರಿಯಲ್ಲಿ ಸೀಟು ಕೊಡುತ್ತಾರೆ. ಪಕ್ಕದ ಕೌಂಟಿಗೆ ಮನೆ ಬದಲಿಸಿದರೆ ಇನ್ನೂ ನಾಲ್ಕು ದಾರಿ ತೆರೆಯುತ್ತದೆ. ಇದನ್ನೆಲ್ಲ ವರ್ಜೀನಿಯಾದಲ್ಲಿ ಕೂತ ನಾನು ನಿನಗೆ ಹೇಳಬೇಕಾಗಿದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ.

ನನಗೆ ನಿನ್ನ ಲೆಕ್ಕಾಚಾರ ಅರ್ಥವಾಗುತ್ತಿಲ್ಲ. ಇಲ್ಲಿಗೆ ಹೊಸದಾಗಿ ಬರುವ ಕನ್ನಡದವರು ಮನೆ ತೋರಿಸುವ ಏಜೆಂಟಿಗಿಂತ ಮೊದಲು ನನಗೆ ಫೋನ್ ಮಾಡುತ್ತಾರೆ. ಯಾವ ರಸ್ತೆಯ ಯಾವ ಬದಿ ಯಾವ ಶಾಲೆಗೆ ಸೇರುತ್ತದೆ ಎಂದು ನಕ್ಷೆ ನೋಡದೆ ಹೇಳುತ್ತೇನೆ. ಅಂಥ ನಾನು ನಿನ್ನ ಪತ್ರ ಮುಂದಿಟ್ಟುಕೊಂಡು, ಇವನಿಗೆ ಬೇಕಾಗಿರುವುದು ಏನು ಎಂದು ಒಂದು ಗಂಟೆ ಯೋಚಿಸಿದೆ. ನಿಮ್ಮ ಭಾವ, "ತಮ್ಮ ಕೇಳಿದ್ದಾನೆ, ಹೂಂ ಅನ್ನು. ಕಾರಣ ಯಾಕೆ ಕೆದಕ್ತೀಯಾ?" ಎಂದರು.

ಅದೂ ಸರಿ. ನಾವು ಬೆಳೆದ ಮನೆ ನೆನಪಿದೆಯಲ್ಲ? ಸರಸ್ವತಿಪುರಂನ ಆ ಎರಡು ಕೋಣೆಯ ಮನೆಯಲ್ಲಿ ಓದಲು ಬಂದವರಿಲ್ಲದ ವರ್ಷವೇ ಇರಲಿಲ್ಲ. ಅಪ್ಪನ ಸ್ನೇಹಿತರ ಮಗ ಶರಣ ಏಳು ವರ್ಷ ಇದ್ದ. ದೊಡ್ಡಪ್ಪನ ಮಗಳು ರಾಜಲಕ್ಷ್ಮಿ ಬೆಂಗಳೂರು ಬಿಟ್ಟು ನಮ್ಮ ಮೈಸೂರಿಗೆ ಬಂದು ಓದಿದಳು. ಯಾರಾದರೂ ಕೇಳಿದರೆ ಅಮ್ಮ, "ಓದೋಕೆ ಅಂತ ಬಂದಿದಾಳೆ" ಎಂದು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದಳು. ಆ ಮಾತು ಹೇಳುವ ಅದೃಷ್ಟ ಈ ದೇಶದಲ್ಲಿ ನನಗೂ ಬರಲಿ. ಕಳಿಸು. ನನಗೆ ಮಗಳಿಲ್ಲ.

ಇಂದುವಿಗೆ ಆಯಾಸಕ್ಕೆ ಖರ್ಜೂರ, ಸೊಪ್ಪು ತಿನ್ನಲು ಹೇಳು. ಮಧ್ಯಾಹ್ನ ಮಲಗುವುದು ಬಿಡಲಿ.

ಅಕ್ಕ


ಅಲ್ಫರೆಟಾ
ಜೂನ್ 9, 2024

ಅಕ್ಕ,

ಉತ್ತರಿಸಲು ತಡವಾಯಿತು, ಕೆಲಸ ಹೆಚ್ಚು. ನೀನು ಹೇಳಿದ್ದೆಲ್ಲ ನಿಜ. ಇಲ್ಲಿಯೂ ಒಳ್ಳೆಯ ಶಾಲೆಗಳಿವೆ. ಆದರೆ ಇಲ್ಲಿ ಮಕ್ಕಳ ಮೇಲೆ ಒತ್ತಡ ಬಹಳ. ಮತ್ತೆ ನಿಮ್ಮಲ್ಲಿ ಚಳಿ ಹೆಚ್ಚು, ಮಕ್ಕಳು ಮನೆಯೊಳಗೆ ಕೂತು ಓದುತ್ತಾರೆ. ಮ್ಯೂಸಿಯಂಗಳೂ ಹತ್ತಿರ.

ಜುಲೈ 13ಕ್ಕೆ ಟಿಕೆಟ್ ಆಗಿದೆ. ಅವಳು ಒಬ್ಬಳೇ ಬರುತ್ತಾಳೆ. ನಾನು ಜೊತೆಗೆ ಬರಲು ಆಗುವುದಿಲ್ಲ, ಮನೆ ಬಿಟ್ಟಿರಲು ಆಗುತ್ತಿಲ್ಲ.

ಒಂದೆರಡು ಮಾತು. ಅವಳು ಅಡುಗೆ ಮಾಡುತ್ತೇನೆ ಎಂದರೆ ಬೇಡ ಎನ್ನು. ಬೆಳಿಗ್ಗೆ ಬೇಗ ಏಳಲು ಬಿಡಬೇಡ. ಸಾಯಂಕಾಲ ಗೆಳತಿಯರ ಜೊತೆ ಎಲ್ಲಿಗಾದರೂ ಹೋಗು ಎಂದು ನೀನೇ ಅಟ್ಟು. ಮೂರು ಗಂಟೆಗೆ ಅವಳು ಮನೆಗೆ ಫೋನ್ ಮಾಡುತ್ತಾಳೆ, ಮಾಡಲಿ. ಅವಳ ಓದಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ.

ಸುರೇಶ


ಸೆಂಟರ್‌ವಿಲ್
ಜುಲೈ 21, 2024

ಸೂರಿ,

ಓದಿಸಲೆಂದು ಸಾವಿರ ಕಿಲೋಮೀಟರ್ ದೂರ ಮಗಳನ್ನು ಕಳಿಸಿ, ಓದಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ ಎಂದು ಬರೆದ ಮೊದಲ ಅಪ್ಪ ನೀನೇ ಇರಬೇಕು. ಮ್ಯೂಸಿಯಂ ಹತ್ತಿರವಂತೆ. ನಿನಗೆ ಮ್ಯೂಸಿಯಮ್ಮಿನ ಹುಚ್ಚು ಯಾವಾಗಿಂದ?

ಅದಿರಲಿ. ಮಗು ಬಂದು ಒಂದು ವಾರವಾಯಿತು, ಮನೆ ತುಂಬಿದ ಹಾಗಿದೆ. ನಿನ್ನ ಹೆಂಡತಿ ಅವಳನ್ನು ಎಷ್ಟು ಶಿಸ್ತಾಗಿ ಬೆಳೆಸಿದ್ದಾಳೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ನೀನು ಬೇಡವೆಂದರೂ ಐದೂವರೆಗೆ ಎದ್ದು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅತ್ತೆ, ಆರ್ ಯೂ ಅಪ್?" ಎನ್ನುತ್ತಾಳೆ. ನಾನು ಉತ್ತರ ಕೊಟ್ಟ ಮೇಲೇ ಹೋಗುವುದು. ನಾನು ಸ್ನಾನಕ್ಕೆ ಹೋಗಿ ಸ್ವಲ್ಪ ತಡವಾದರೆ ಬಾಗಿಲು ತಟ್ಟುತ್ತಾಳೆ. ನನ್ನ ಬಿ.ಪಿ. ಮಾತ್ರೆಯ ಡಬ್ಬಿಯನ್ನು ತಾನೇ ಇಟ್ಟುಕೊಂಡಿದ್ದಾಳೆ. ದಿನಕ್ಕೊಂದು ತಂದು ಕೈಗೆ ಕೊಟ್ಟು, ನುಂಗುವವರೆಗೂ ಎದುರಿಗೇ ನಿಂತಿರುತ್ತಾಳೆ. ನಿಮ್ಮ ಭಾವ ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಒಂದು ದಿನ ಹೀಗೆ ವಿಚಾರಿಸಿಲ್ಲ.

ಮಾತು ಮಾತ್ರ ಕಡಿಮೆ. ಊರು ಹೊಸದು, ಸಂಕೋಚವಿರಬಹುದು. ಮೊನ್ನೆ ನಮ್ಮ ಪಕ್ಕದ ಬೀದಿಯ ಅಲಮೇಲು ಅವರ ಮಗಳ ಜೊತೆ ಈಜಲು ಕಳಿಸಿದೆ. ಅರ್ಧ ಗಂಟೆಯಲ್ಲಿ ನಾಲ್ಕು ಸಲ ನನಗೆ ಫೋನ್ ಮಾಡಿದಳು.

ಗುರುವಾರಕ್ಕೆ ಶಾಲೆಯ ರಿಜಿಸ್ಟ್ರೇಷನ್ನಿಗೆ ಸಮಯ ಕೊಟ್ಟಿದ್ದಾರೆ. ಕಾಗದಗಳನ್ನು ಜೋಡಿಸುತ್ತಿದ್ದೇನೆ. ಅಂದಹಾಗೆ, ನಿಮ್ಮ ಶಾಲೆಯಿಂದ ಬಂದ ಕಾಗದದಲ್ಲಿ ಕಳೆದ ವರ್ಷ ಮೂವತ್ನಾಲ್ಕು ದಿನ ಗೈರುಹಾಜರಿ ಎಂದಿದೆ. ನಾಲ್ಕು ಇರಬೇಕು, ಟೈಪು ಮಾಡುವಾಗ ತಪ್ಪಾಗಿದೆ. ವಿಚಾರಿಸಿ ಸರಿ ಮಾಡಿಸು.

ಅಕ್ಕ


ಸೆಂಟರ್‌ವಿಲ್
ಜುಲೈ 26, 2024

ಸೂರಿ,

ನಿನ್ನಿಂದ ಉತ್ತರವಿಲ್ಲ, ಆದರೂ ಬರೆಯಬೇಕಾಗಿದೆ. ನಿನ್ನೆ ಆದದ್ದರ ತಲೆಬುಡ ನನಗೆ ಇನ್ನೂ ಅರ್ಥವಾಗಿಲ್ಲ.

ಕಚೇರಿಯಲ್ಲಿದ್ದ ಹೆಂಗಸು ಒಳ್ಳೆಯವಳು, ನಮ್ಮ ವಯಸ್ಸಿನವಳು. ಮನೆಯ ಪತ್ರ, ಕರೆಂಟ್ ಬಿಲ್ಲು, ಲಸಿಕೆಯ ಕಾಗದ ಎಲ್ಲ ನೋಡಿದಳು. ನಾನು ಫೈಲಿನಲ್ಲಿ ಬಣ್ಣದ ಚೀಟಿ ಅಂಟಿಸಿಕೊಂಡು ಹೋಗಿದ್ದೆ, ಹೊಗಳಿದಳು. ಆಮೇಲೆ ಕೇಳಿದಳು, "ಅಪ್ಪ ಅಮ್ಮ ಜಾರ್ಜಿಯಾದಲ್ಲಿದ್ದಾರೆ. ಈ ಮಗು ನಿಮ್ಮ ಮನೇಲಿ ಇರೋದು ಶಾಲೆಗೋಸ್ಕರ ಮಾತ್ರಾನಾ?"

ಇಷ್ಟು ವರ್ಷ ಈ ಮಾತಿಗೇ ಕಾದಿದ್ದವಳಂತೆ ನಾನು ಎದೆಯುಬ್ಬಿಸಿ, "ಹೌದು ಮೇಡಂ, ಓದೋದಕ್ಕಷ್ಟೇ" ಎಂದೆ.

ಅವಳು, "ಬೇರೆ ಯಾವ ಕಾರಣವೂ ಇಲ್ವಾ? ಸ್ವಲ್ಪ ಯೋಚಿಸಿ ಹೇಳಿ" ಎಂದಳು.

"ಖಂಡಿತ ಇಲ್ಲ. ನಮ್ಮಲ್ಲಿ ಹಾಗೇ ಪದ್ಧತಿ. ನನ್ನ ತಮ್ಮ, ಅವನ ಹೆಂಡತಿ ಇಬ್ಬರೂ ಚೆನ್ನಾಗಿದ್ದಾರೆ" ಎಂದೆ.

ಅವಳು ಪೆನ್ನು ಕೆಳಗಿಟ್ಟಳು. ಓದುವುದಕ್ಕಷ್ಟೇ ಬಂದವರಿಗೆ ಇಲ್ಲಿ ಸೀಟಿಲ್ಲವಂತೆ. ಮಗುವಿನ ಊರೆಂದರೆ ಅಪ್ಪ ಅಮ್ಮ ಇರುವ ಊರು. ಅವರ ಜೊತೆ ಇರಲಾಗದ ಕಾರಣವಿದ್ದರೆ ಮಾತ್ರ ನೆಂಟರ ವಿಳಾಸ ನಡೆಯುತ್ತದೆ. ತೀರಿಕೊಂಡಿದ್ದಾರೆಯೇ, ಕಾಯಿಲೆಯೇ, ಸೈನ್ಯದಲ್ಲಿದ್ದಾರೆಯೇ, ಜೈಲೇ ಎಂದು ಒಂದೊಂದಾಗಿ ಕೇಳಿದಳು. ಪ್ರತಿಯೊಂದಕ್ಕೂ ನಾನು, "ಶಾಂತಂ ಪಾಪಂ, ಅಂಥದ್ದೇನೂ ಇಲ್ಲ" ಎಂದು ತಲೆ ಆಡಿಸಿದೆ. ಅವಳು ನನಗೆ ಒಂದೊಂದೇ ಬಾಗಿಲು ತೆರೆದು ಕೊಡುತ್ತಿದ್ದಳೋ ಏನೋ, ನಾನು ಒಂದೊಂದಕ್ಕೂ ಚಿಲಕ ಹಾಕುತ್ತಾ ಬಂದೆ. ಆದರೆ ಇಲ್ಲದ ಕಾಯಿಲೆಯನ್ನು ಇದೆ ಎಂದು ಹೇಗೆ ಹೇಳಲಿ?

ಸಾಯಂಕಾಲ ನಿಮ್ಮ ಭಾವ ಬಿಡಿಸಿ ಹೇಳಿದರು. ಇಲ್ಲಿ ತೆರಿಗೆ ಕಟ್ಟುವವರ ಮಕ್ಕಳಿಗೆ ಇಲ್ಲಿನ ಶಾಲೆ. ಶಾಲೆಗೋಸ್ಕರ ನೆಂಟರ ಮನೆಯಲ್ಲಿಟ್ಟರೆ ನಡೆಯುತ್ತದೆ ಎಂದಾದರೆ ಸುತ್ತಲಿನ ಎಲ್ಲ ಕೌಂಟಿಯವರೂ ಇಲ್ಲೊಬ್ಬ ಅತ್ತೆಯನ್ನು ಹುಡುಕಿಕೊಳ್ಳುತ್ತಾರೆ. ನ್ಯಾಯವೇ. ಊರಿಗೆಲ್ಲ ಶಾಲೆ ಹುಡುಕಿಕೊಟ್ಟ ನನಗೆ ಇದೊಂದು ನಿಯಮ ಗೊತ್ತಿರಲಿಲ್ಲವಲ್ಲ ಎಂದು ಅಳು ಬಂತು.

ರಚನಾ ಅಷ್ಟು ಹೊತ್ತೂ ಪಕ್ಕದಲ್ಲಿ ತನ್ನ ಶೂ ನೋಡಿಕೊಂಡು ಕೂತಿದ್ದಳು. ಕಾರಿನಲ್ಲಿ, "ಅತ್ತೆ, ನೀವು ಯಾಕೆ ಹಾಗೆ ಹೇಳಿದ್ರಿ?" ಎಂದು ಕೇಳಿದಳು. ಏನು ಹೇಳಿದೆ ಎಂದರೆ, "ನಥಿಂಗ್" ಎಂದಳು. ಈಗ ಏನು ಮಾಡೋಣ, ಬೇಗ ಬರಿ.

ಅಕ್ಕ


ಅಲ್ಫರೆಟಾ
ಜುಲೈ 30, 2024

ಅಕ್ಕ,

ನನಗೂ ಈ ನಿಯಮ ಗೊತ್ತಿರಲಿಲ್ಲ. ಒಂದು ಉಪಾಯ ಹೊಳೆದಿದೆ. ಸೆಂಟರ್‌ವಿಲ್‌ನಲ್ಲಿ ನನ್ನ ಹೆಸರಿಗೆ ಒಂದು ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿಯುತ್ತೇನೆ. ನಾವು ಮೂವರೂ ಅಲ್ಲಿಗೆ ಬಂದಿದ್ದೇವೆ ಎಂದು ಕಾಗದ ತೋರಿಸಬಹುದು. ಅವಳು ನಿಮ್ಮ ಮನೆಯಲ್ಲೇ ಇರಲಿ. ಇಲ್ಲವೇ ನೀನು ಅಲ್ಲಿ ಯಾವುದಾದರೂ ಖಾಸಗಿ ಶಾಲೆ ನೋಡು. ಆನ್‌ಲೈನ್ ಶಾಲೆಯಾದರೂ ಆದೀತು. ಯಾವ ಶಾಲೆ ಎಂಬುದು ಈಗ ಮುಖ್ಯವಲ್ಲ. ಅವಳು ಅಲ್ಲಿರಬೇಕು, ಅಷ್ಟೇ.

ದಯವಿಟ್ಟು ವಾಪಸ್ಸು ಮಾತ್ರ ಕಳಿಸಬೇಡ.

ಸುರೇಶ


ಸೆಂಟರ್‌ವಿಲ್
ಆಗಸ್ಟ್ 2, 2024

ಸುರೇಶ,

ನನಗೆ ಕೋಪ ಬಂದಿದೆ, ಆದ್ದರಿಂದ ಪೂರ್ತಿ ಹೆಸರು.

ಸುಳ್ಳು ವಿಳಾಸ ಕೊಟ್ಟು ಮಗುವನ್ನು ಶಾಲೆಗೆ ಸೇರಿಸುವುದು ಇಲ್ಲಿ ಅಪರಾಧ. ನಿನ್ನ ಕೆಲಸಕ್ಕೂ, ನಮ್ಮ ಮರ್ಯಾದೆಗೂ ಕುತ್ತು. ಅದನ್ನು ಬರೆಯಲು ನಿನಗೆ ಕೈ ಹೇಗೆ ಬಂತು? ಮೊದಲು ಈ ಕೌಂಟಿಯ ಶಾಲೆಯೇ ಆಗಬೇಕೆಂದೆ. ಆಮೇಲೆ ಚಳಿ ಎಂದೆ, ಮ್ಯೂಸಿಯಂ ಎಂದೆ. ಈಗ ಯಾವ ಶಾಲೆಯಾದರೂ ಆದೀತು, ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತರೂ ಆದೀತು ಎನ್ನುತ್ತೀಯ. ಹಾಗಾದರೆ ಇಷ್ಟೆಲ್ಲ ಯಾತಕ್ಕೆ? ನಿನ್ನ ಮನೆಯಲ್ಲಿ ಕಂಪ್ಯೂಟರ್ ಇಲ್ಲವೇ?

ನಿಮ್ಮಲ್ಲಿ ಸೋಮವಾರವೇ ಶಾಲೆ ಶುರು. ನಮ್ಮಲ್ಲಿ ಇನ್ನೂ ಎರಡು ವಾರವಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಆ ಮಗು ಎರಡಕ್ಕೂ ಸೇರದೆ ಮಧ್ಯೆ ನಿಂತಿದೆ. ಹೆಣ್ಣುಮಗುವಿನ ಒಂದು ವರ್ಷ ಹಾಳಾಗುವುದನ್ನು ನಾನು ನೋಡಿಕೊಂಡು ಕೂರುವುದಿಲ್ಲ. ಗುರುವಾರ ಎಂಟನೆಯ ತಾರೀಖಿಗೆ ವಾಪಸ್ಸಿನ ಟಿಕೆಟ್ ತೆಗೆದಿದ್ದೇನೆ. ವಿಮಾನ ನಿಲ್ದಾಣಕ್ಕೆ ಬಂದು ಕರೆದುಕೊ.

ಇಂದುವಿಗೆ ನಾನು ಮೂರು ಸಲ ಫೋನ್ ಮಾಡಿದೆ. ಒಮ್ಮೆಯೂ ಎತ್ತಲಿಲ್ಲ. ಮಗಳನ್ನು ನನ್ನ ಕೈಗೊಪ್ಪಿಸಿ ಒಂದು ಮಾತೂ ಆಡದಷ್ಟು ಬಿಂಕ ಯಾಕೆ ಎಂದು ಅವಳನ್ನು ಕೇಳು.

ಶೈಲಜಾ


ಸೆಂಟರ್‌ವಿಲ್
ಆಗಸ್ಟ್ 6, 2024

ಸೂರಿ,

ಇವತ್ತು ಕಾಗದಗಳನ್ನು ವಾಪಸ್ಸು ತರಲು ಆ ಕಚೇರಿಗೆ ಹೋಗಿದ್ದೆವು. ಅದೇ ಹೆಂಗಸು ಇದ್ದಳು. ರಚನಾಳನ್ನು ನೋಡಿ ನಕ್ಕು, "ಮನೆಗೆ ಹೋಗ್ತಾ ಇದೀಯಾ? ಖುಷಿನಾ?" ಎಂದು ಸುಮ್ಮನೆ ವಿಚಾರಿಸಿದಳು.

ರಚನಾ ಹೇಳಿದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯುತ್ತೇನೆ. "ನಾನು ಅಮ್ಮನ್ನ ಸರಿಯಾಗಿ ನೋಡ್ಕೊಳ್ಳಲಿಲ್ಲ. ಅದಕ್ಕೇ ನನ್ನನ್ನ ಇಲ್ಲಿಗೆ ಕಳಿಸಿದ್ರು. ಈಗ ವಾಪಸ್ ಕಳಿಸ್ತಿದ್ದಾರೆ ಅಂದ್ರೆ ಅಮ್ಮ ಸರಿಹೋದ್ಲು ಅಂತಾನಾ, ಇಲ್ಲ ಇಲ್ಲೂ ನಾನು ಏನೋ ತಪ್ಪು ಮಾಡಿದೀನಿ ಅಂತಾನಾ?"

ಅದನ್ನು ಕೇಳಿದ್ದು ನನ್ನನ್ನಲ್ಲ. ಆ ಹೆಂಗಸನ್ನು. ಮೂರು ವಾರ ಒಂದೇ ಮನೆಯಲ್ಲಿದ್ದ ನನ್ನನ್ನು ಕೇಳಬಹುದೆಂದು ಅವಳಿಗೆ ಅನ್ನಿಸಿಯೇ ಇಲ್ಲ.

ಟಿಕೆಟ್ ರದ್ದು ಮಾಡಿದ್ದೇನೆ. ಇಂದುವಿಗೆ ಏನಾಗಿದೆ? ಈ ಸಲ ಶಾಲೆಯ ಬಗ್ಗೆ ಒಂದಕ್ಷರವೂ ಬರೆಯಬೇಡ.

ಅಕ್ಕ


ಅಲ್ಫರೆಟಾ
ಆಗಸ್ಟ್ 7, 2024

ಅಕ್ಕ,

ಹೇಳುತ್ತೇನೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತಿಲ್ಲ.

ಕಳೆದ ವರ್ಷ ದೀಪಾವಳಿಯ ನಂತರ ಇಂದು ಹಾಸಿಗೆ ಬಿಟ್ಟು ಏಳುವುದು ಕಡಿಮೆಯಾಯಿತು. ಮೊದಲು ಥೈರಾಯ್ಡ್ ಎಂದುಕೊಂಡೆವು, ಆಮೇಲೆ ರಕ್ತ ಕಡಿಮೆ ಎಂದುಕೊಂಡೆವು. ಎಲ್ಲ ಪರೀಕ್ಷೆಯೂ ಸರಿಯಾಗಿಯೇ ಬಂತು. ಸ್ನಾನ ಬಿಟ್ಟಳು, ಊಟ ಬಿಟ್ಟಳು. ಯಾಕೆ ಎಂದರೆ, "ಗೊತ್ತಿಲ್ಲ ರೀ" ಎಂದು ಅಳುತ್ತಿದ್ದಳು. ಡಾಕ್ಟರು ಇದು ಖಿನ್ನತೆ, ಚೆನ್ನಾಗಿಯೇ ಹಿಡಿದುಕೊಂಡಿದೆ ಎಂದರು. ನಾನು ಆಫೀಸಿಗೆ ಹೋದಾಗ ರಚನಾ ಶಾಲೆಗೆ ಚಕ್ಕರ್ ಹಾಕಿ ಅಮ್ಮನ ಪಕ್ಕ ಕೂರುತ್ತಿದ್ದಳು. ಅನ್ನ, ಸಾರು ಮಾಡಿ ತಿನ್ನಿಸುತ್ತಿದ್ದಳು. ಆ ಮೂವತ್ನಾಲ್ಕು ದಿನ ಟೈಪಿನ ತಪ್ಪಲ್ಲ.

ಮಾರ್ಚಿನಲ್ಲಿ ಒಂದು ದಿನ ಪರೀಕ್ಷೆ ಇದೆಯೆಂದು ನಾನೇ ಅವಳನ್ನು ಒತ್ತಾಯ ಮಾಡಿ ಶಾಲೆಗೆ ಕಳಿಸಿದೆ. ಅವತ್ತು ಇಂದು ಮಾತ್ರೆಗಳನ್ನು ಬೇಕಾದ್ದಕ್ಕಿಂತ ಹೆಚ್ಚು ತೆಗೆದುಕೊಂಡಳು. ಮಧ್ಯಾಹ್ನ ಮೂರು ಗಂಟೆಗೆ ಶಾಲೆಯಿಂದ ಬಂದ ರಚನಾ ನೋಡಿದಳು. ಆಂಬುಲೆನ್ಸಿಗೆ ಫೋನ್ ಮಾಡಿದವಳು ಅವಳೇ. ಇಂದು ಬದುಕಿದಳು.

ಆಸ್ಪತ್ರೆಯಿಂದ ಬಂದ ಮೇಲೆ ರಚನಾ ಅಮ್ಮನನ್ನು ಬಿಟ್ಟು ಕದಲಲಿಲ್ಲ. ರಾತ್ರಿಯೂ ಬಾಗಿಲು ತೆರೆದಿಟ್ಟುಕೊಂಡೇ ಮಲಗುತ್ತಿದ್ದಳು. ಒಂದು ದಿನ ಇಂದು ನನ್ನ ಹತ್ತಿರ, "ಆ ಮಗು ನನ್ನನ್ನ ಕಾಯೋದು ನನ್ನ ಕೈಲಿ ನೋಡೋಕಾಗಲ್ಲ. ಅವಳನ್ನ ಎಲ್ಲಾದ್ರೂ ಕಳಿಸಿ. ಅವಳು ಮಗು ಥರ ಇರೋ ಕಡೆ ಕಳಿಸಿ" ಎಂದಳು. ನನಗೆ ನೆನಪಾದದ್ದು ನಿನ್ನ ಮನೆಯೊಂದೇ.

ನಿನಗೆ ಯಾಕೆ ಹೇಳಲಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ, ಕೋಪಿಸಿಕೊಳ್ಳಬೇಡ. ದೀಪಾವಳಿಗೆ ನಿಮ್ಮ ಮನೆಗೆ ಬಂದಿದ್ದೆವಲ್ಲ, ಅವತ್ತು ಅಡುಗೆಮನೆಯಲ್ಲಿ ನೀನು ಯಾರ ಬಗ್ಗೆಯೋ ಮಾತಾಡುತ್ತಾ, "ಡಿಪ್ರೆಶನ್ನೂ ಇಲ್ಲ, ಗಿಪ್ರೆಶನ್ನೂ ಇಲ್ಲ. ಮೈ ಬಗ್ಗಿಸಿ ಕೆಲಸ ಮಾಡಿದ್ರೆ ಯಾವ ರೋಗವೂ ಬರಲ್ಲ" ಎಂದೆಯಂತೆ. ಇಂದು ನಿನ್ನ ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದಳು. "ಅತ್ತಿಗೆಗೆ ಮಾತ್ರ ಹೇಳಬೇಡಿ" ಎಂದು ನನ್ನ ಕೈ ಹಿಡಿದುಕೊಂಡಳು. ಅದಕ್ಕೇ ಓದುವುದಕ್ಕೆ ಎಂದೆ. ನಮ್ಮಲ್ಲಿ ಆ ಮಾತು ಹೇಳಿದರೆ ಮುಂದೆ ಯಾರೂ ಕೇಳುವುದಿಲ್ಲವಲ್ಲ. ನೀನು ಅದಕ್ಕೂ ಸಾಲು ಸಾಲು ಪ್ರಶ್ನೆ ಹಾಕುತ್ತೀಯ ಎಂದು ನನಗೆ ಹೊಳೆಯಬೇಕಿತ್ತು.

ರಚನಾ ಹೀಗೆ ತಿಳಿದುಕೊಂಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಅವಳಿಗೂ ಓದುವುದಕ್ಕೆ ಎಂದೇ ಹೇಳಿ ಕಳಿಸಿದ್ದೆ. ಅವಳು ನಂಬಿದಳು ಎಂದುಕೊಂಡಿದ್ದೆ. ನಾನು ಎಂಥ ಅಪ್ಪ, ಅಕ್ಕ.

ಸೂರಿ


ಸೆಂಟರ್‌ವಿಲ್
ಆಗಸ್ಟ್ 8, 2024

ಸೂರಿ,

ಆ ಮಾತು ನಾನು ಆಡಿದ್ದು ನಿಜ. ಅಲಮೇಲು ಅವರು ಡಿಪ್ರೆಶನ್ ಎಂದು ಹೇಳಿ ಹಬ್ಬಕ್ಕೆ ಬರಲಿಲ್ಲವೆಂಬ ಸಿಟ್ಟಿಗೆ ಅಂದಿದ್ದೆ. ಅಂದು ಮರೆತೂ ಬಿಟ್ಟಿದ್ದೆ. ಅದನ್ನು ಪಕ್ಕದಲ್ಲಿದ್ದವಳೊಬ್ಬಳು ಹೀಗೆ ಹೊತ್ತುಕೊಂಡು ಹೋಗಿದ್ದಾಳೆ ಎಂದು ತಿಳಿದ ಮೇಲೆ ನನ್ನ ನಾಲಗೆಯ ಮೇಲೆ ನನಗೇ ಅಸಹ್ಯವಾಗಿದೆ. ಇಂದುವಿಗೆ ಕ್ಷಮೆ ಕೇಳುತ್ತೇನೆ. ಫೋನಿನಲ್ಲಲ್ಲ, ಬಂದು ಎದುರು ಕೂತು ಕೇಳುತ್ತೇನೆ. ಮಧ್ಯಾಹ್ನ ಎಷ್ಟು ಬೇಕೋ ಅಷ್ಟು ಮಲಗಲಿ.

ನಿನ್ನೆಯಿಂದ ರಾಜಲಕ್ಷ್ಮಿಯೇ ಕಣ್ಣ ಮುಂದೆ ಬರುತ್ತಾಳೆ. ಬೆಂಗಳೂರಿನ ಅಷ್ಟು ದೊಡ್ಡ ಶಾಲೆ ಬಿಟ್ಟು, ವರ್ಷದ ನಡುವೆ, ಮೈಸೂರಿನ ನಮ್ಮ ಹೆಂಚಿನ ಶಾಲೆಗೆ ಓದಲು ಬಂದಳಲ್ಲ, ಯಾಕೆ ಎಂದು ನಾವು ಯಾವತ್ತಾದರೂ ಕೇಳಿದೆವೇ? ದೊಡ್ಡಪ್ಪ ಕುಡಿದು ಮನೆಗೆ ಬರುತ್ತಿದ್ದುದು ನನಗೆ ಗೊತ್ತಾದದ್ದು ಅವಳ ಮದುವೆಯ ಹೊತ್ತಿಗೆ. ಅಮ್ಮನಿಗೆ ಮೊದಲೇ ಗೊತ್ತಿದ್ದಿರಬೇಕು. ಓದೋಕೆ ಬಂದಿದಾಳೆ ಎಂದು ಅಮ್ಮ ಹೇಳುತ್ತಿದ್ದುದು ಹೆಮ್ಮೆಯೋ, ಇನ್ನೊಂದು ಮಾತು ಕೇಳಬೇಡಿ ಎಂಬ ಎಚ್ಚರಿಕೆಯೋ ಈಗ ನನಗೆ ತಿಳಿಯುತ್ತಿಲ್ಲ. ಶರಣನ ಮನೆಯಲ್ಲಿ ಏನಿತ್ತೋ ದೇವರಿಗೇ ಗೊತ್ತು.

ಈಗ ಆಗಬೇಕಾದ ಕೆಲಸ ಕೇಳು. ಬೆಳಿಗ್ಗೆ ನಾನೊಬ್ಬಳೇ ಕಚೇರಿಗೆ ಹೋಗಿ, "ನಾನು ಅವತ್ತು ಹೇಳಿದ್ದು ತಪ್ಪು" ಎಂದೆ. ಆ ಹೆಂಗಸು ಏನೂ ಆಶ್ಚರ್ಯಪಡಲಿಲ್ಲ. ನೆಂಟರ ಆರೈಕೆಯಲ್ಲಿರುವ ಮಕ್ಕಳಿಗೆ ಬೇರೆ ಅರ್ಜಿ ಇದೆ. ಅಪ್ಪ ಅಮ್ಮ ಇಬ್ಬರೂ ನೋಟರಿಯ ಮುಂದೆ ಸಹಿ ಹಾಕಬೇಕು. ಮಗು ಯಾಕೆ ನಿಮ್ಮ ಜೊತೆ ಇಲ್ಲ, ಎಷ್ಟು ಕಾಲ ಎಂದು ಬರೆಯಬೇಕು. ಡಾಕ್ಟರ ಪತ್ರವನ್ನೂ ಜೊತೆಗೆ ಇಡಬೇಕು. ನಿಜ ಬರೆದರೆ ಸೀಟು ಸಿಗುವುದು ಕಷ್ಟವಲ್ಲ ಎಂದಳು. ಹದಿನೈದನೆಯ ತಾರೀಖಿನೊಳಗೆ ಮೂಲ ಪ್ರತಿ ಅವಳ ಮೇಜಿನ ಮೇಲಿದ್ದರೆ ಮೊದಲ ದಿನದಿಂದಲೇ ರಚನಾ ಕ್ಲಾಸಿನಲ್ಲಿ ಕೂರಬಹುದು. ಅರ್ಜಿಯನ್ನು ಇದರ ಜೊತೆ ಕಳಿಸಿದ್ದೇನೆ. ಇಂದುವಿಗೆ ಮನೆಯಿಂದ ಹೊರಗೆ ಬರಲು ಆಗುತ್ತದೆಯೇ? ಇಲ್ಲದಿದ್ದರೆ ತಿಳಿಸು, ನೋಟರಿಯನ್ನೇ ಮನೆಗೆ ಕರೆಸಿದರಾಯಿತು.

ಇನ್ನೊಂದಿದೆ, ಅದು ನನ್ನ ಕೈಮೀರಿದ್ದು. ನಿನ್ನ ತಪ್ಪೇನೂ ಇಲ್ಲ ಕಂದ ಎಂದು ರಚನಾಳಿಗೆ ಹತ್ತು ಸಲ ಹೇಳಿದೆ. ಅವಳು ತಲೆ ಆಡಿಸಿ, "ಅತ್ತೆ, ಯೂ ವರೆಂಟ್ ದೇರ್" ಎನ್ನುತ್ತಾಳೆ. ಹೌದು, ನಾನು ಅಲ್ಲಿರಲಿಲ್ಲ. ಸೀಟು ಸಿಕ್ಕರೂ ಆ ಭಾರ ಹೊತ್ತುಕೊಂಡು ಅವಳು ಯಾವ ಕ್ಲಾಸಿನಲ್ಲಿ ಕೂತು ಏನು ಓದಿಯಾಳು? ನೀನು ಹೇಳಿದರೂ ಅವಳು ನಂಬುವುದಿಲ್ಲ, ನೀನು ಒಮ್ಮೆ ಸುಳ್ಳು ಹೇಳಿದ್ದೀಯ. ಹೇಳಬೇಕಾದವಳು ಒಬ್ಬಳೇ. ಅವಳ ಕೈಲಿ ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಅಕ್ಕ


ಅಲ್ಫರೆಟಾ
ಆಗಸ್ಟ್ 12, 2024

ಅಕ್ಕ,

ಅರ್ಜಿಯನ್ನು ಇವತ್ತು ಕೊರಿಯರಿಗೆ ಹಾಕಿದ್ದೇನೆ. ನಾಡಿದ್ದು ನಿನ್ನ ಕೈ ಸೇರುತ್ತದೆ.

ನೋಟರಿಯನ್ನು ಮನೆಗೆ ಕರೆಸುತ್ತೇನೆ ಎಂದೆ. ಬೇಡ, ನೋಟರಿ ಇರುವ ಬ್ಯಾಂಕಿಗೇ ಬರುತ್ತೇನೆ ಎಂದು ಇಂದುವೇ ಹೇಳಿದಳು. ಮಾರ್ಚಿನಿಂದ ಈಚೆಗೆ ಡಾಕ್ಟರ ಹತ್ತಿರ ಬಿಟ್ಟರೆ ಅವಳು ಎಲ್ಲಿಗೂ ಹೋದವಳಲ್ಲ. ತಲೆ ಬಾಚಿಕೊಂಡು, ಸೀರೆಯಲ್ಲ, ಚೂಡಿದಾರ ಹಾಕಿಕೊಂಡು ಬಂದಳು. ಬ್ಯಾಂಕಿನ ಮುಂದೆ ಕಾರು ನಿಲ್ಲಿಸಿದ ಮೇಲೆ ಇಪ್ಪತ್ತು ನಿಮಿಷ ಇಳಿಯಲಿಲ್ಲ. ನಾನು ಇಳಿ ಎನ್ನಲಿಲ್ಲ. ಆಮೇಲೆ ತಾನೇ ಬಾಗಿಲು ತೆಗೆದಳು.

ಅರ್ಜಿಯನ್ನು ನಾನು ಮನೆಯಲ್ಲೇ ತುಂಬಿಕೊಂಡು ಹೋಗಿದ್ದೆ. ಸಹಿ ಹಾಕಿದರೆ ಸಾಕಿತ್ತು. ಅವಳು ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದತೊಡಗಿದಳು. ಎಷ್ಟು ಕಾಲ ಎಂಬಲ್ಲಿ ನಾನು ನಾಲ್ಕು ವರ್ಷ ಎಂದು ಬರೆದಿದ್ದೆ. ಅದನ್ನು ಹೊಡೆದು ಒಂದು ವರ್ಷ ಎಂದು ಮಾಡಿದಳು. ಕಾರಣ ಎಂಬಲ್ಲಿ ನಾನು ತಂದೆಯ ಕೆಲಸದ ಒತ್ತಡ, ತಾಯಿಯ ಅನಾರೋಗ್ಯ, ಇತ್ಯಾದಿ ಎಂದು ಬರೆದಿದ್ದೆ. ಇಷ್ಟಾದ ಮೇಲೂ ನನ್ನ ಕೈ ಹಾಗೇ ಬರೆದಿತ್ತು ನೋಡು.

"ಇತ್ಯಾದಿ ಅಂದ್ರೆ ಏನು ರೀ?" ಎಂದಳು.

ಅವಳೇ ಆ ಸಾಲು ಪೂರ್ತಿ ಹೊಡೆದು, ಕೆಳಗೆ ಇದ್ದ ಜಾಗದಲ್ಲಿ ಇಂಗ್ಲಿಷಿನಲ್ಲಿ ನಿಧಾನವಾಗಿ ಬರೆದಳು. ಅಕ್ಷರ ಸೊಟ್ಟಗಿವೆ, ಆದರೆ ಓದಬಹುದು. "ನನಗೆ ಖಿನ್ನತೆಯ ಕಾಯಿಲೆ ಇದೆ. ಚಿಕಿತ್ಸೆ ನಡೆಯುತ್ತಿದೆ. ಇದು ನನ್ನ ಮಗಳಿಂದ ಆದದ್ದಲ್ಲ. ಅವಳು ನನ್ನನ್ನು ಉಳಿಸಿದಳು." ಹೊಡೆದು ಹಾಕಿದ ಕಡೆಯಲ್ಲೆಲ್ಲ ಚಿಕ್ಕ ಸಹಿ ಹಾಕಬೇಕೆಂದು ನೋಟರಿ ಹೇಳಿದ. ಎರಡು ಕಡೆಯೂ ಹಾಕಿದಳು.

ಹೊರಗೆ ಬಂದ ಮೇಲೆ ನಾನು, "ಕೊನೆ ಎರಡು ವಾಕ್ಯ ಕೌಂಟಿಯವರಿಗೆ ಬೇಕಿರಲಿಲ್ಲ ಕಣೆ" ಎಂದೆ.

"ಅದು ಅವರಿಗಲ್ಲ. ಆಫೀಸಿಗೆ ಕೊಡೋ ಮುಂಚೆ ಅತ್ತಿಗೆ ಅದನ್ನ ರಚನಾ ಕೈಗೆ ಕೊಡಲಿ" ಎಂದಳು.

ಹಾಗೇ ಮಾಡು ಅಕ್ಕ. ಅವಳು ಓದಿ ಮುಗಿಸುವವರೆಗೆ ಪಕ್ಕದಲ್ಲಿರು, ಏನೂ ಕೇಳಬೇಡ.

ಸೂರಿ